ಅಪ್ಪನ ಕುಡಿತದ ಹಾಡು ಆಲ್ಬಮ್‌ನಲ್ಲಿ ಇರಲಾ, ಬೇಡವಾ?

ಪ್ರಶ್ನೆ: ನಾನು ಮೂಡಿಗೆರೆ ಕಡೆಯವಳು. ವಯಸ್ಸು 28, ಚಿಕ್ಕಮಗಳೂರಿನಲ್ಲಿ ಕೆಲಸ. ನಾನೇ ಬರೆದು, ರಾಗ ಹಾಕಿ, ಹಾಡಿದ ಎಂಟು ಹಾಡುಗಳ ಆಲ್ಬಮ್ ಜನವರಿ ಕೊನೆಗೆ ಬಿಡುಗಡೆಯಾಗಬೇಕು. ಒಂದು ಹಾಡು ಅಪ್ಪನ ಕುಡಿತದ ಬಗ್ಗೆ. ತೋಟ ಮಾರಿಹೋಗಿ ಅವ್ವ ಬೇರೆಯವರ ತೋಟಕ್ಕೆ ಕಾಫಿ ಕೊಯ್ಯಲು ಹೋಗುವಂತಾಯಿತು. ಈಗಲೂ ಹೋಗುತ್ತಾಳೆ. ಅಪ್ಪ ಈಗ ಕುಡಿಯುವುದಿಲ್ಲ. ಹಾಡು ಕೇಳಿಸಿದರೆ ಅವ್ವ 'ಮನೆ ಮಾತನ್ನ ಊರೋರ ಬಾಯಿಗೆ ಹಾಕ್ತೀಯಾ?' ಎಂದು ಅತ್ತಳು. ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಗೆಳೆಯರೆಲ್ಲ ಅದೇ ಅತಿ ಒಳ್ಳೆಯ ಹಾಡು ಅನ್ನುತ್ತಾರೆ. ಒಂದು ಆಡಿಯೋ ಕಂಪನಿ ಎಲ್ಲ ಹಕ್ಕು ಬರೆದುಕೊಟ್ಟರೆ ಒಂದೇ ಸಲಕ್ಕೆ ಹಣ ಕೊಡುತ್ತದಂತೆ, ಆದರೆ ಆ ಹಾಡು ಇರಲೇಬೇಕಂತೆ. ಏನು ಮಾಡಲಿ?

ಉತ್ತರ: ಹಾಡು ಬರೆದದ್ದು ತಪ್ಪಲ್ಲ. ಆ ಮನೆಯಲ್ಲೇ ಬೆಳೆದವರು ನೀವು. ಆ ದಿನಗಳನ್ನು ಹಾಡುವ ಹಕ್ಕು ನಿಮಗಿದೆ. ಆದರೆ ಗೆಳೆಯರು ಕೇಳಿದರು, ಕಂಪನಿಯವರು ಕೇಳಿದರು, ಅವ್ವ ಕೇಳಿದರು. ಯಾರ ಬಗ್ಗೆ ಹಾಡಿದ್ದೀರೋ ಅವರು ಮಾತ್ರ ಕೇಳಿಲ್ಲ.

ಹಾಡು ಸುಳ್ಳು ಅಂತ ಅವ್ವ ಅತ್ತಿದ್ದಲ್ಲ, ಅಲ್ವಾ? ಕುಡಿತ ಬಿಟ್ಟ ಮನುಷ್ಯ ದಿನಾ ಅದೇ ಊರಿನಲ್ಲಿ, ಅದೇ ಜನರ ಮುಂದೆ ಓಡಾಡಬೇಕು. ನಿಮ್ಮ ಅವ್ವನಿಗೆ ಅದರದ್ದೇ ಚಿಂತೆ. ಹಾಡಿನಲ್ಲಿ ಹೆಸರಿಲ್ಲ ಎಂದು ನೀವು ಹೇಳಬಹುದು. ಊರಿನವರಿಗೆ ಹೆಸರು ಬೇಕಾಗುವುದಿಲ್ಲ. ಜನವರಿ ಕೊನೆ ಅಂದರೆ ಅರೇಬಿಕಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂದು ರೊಬಸ್ಟಾ ಕಾಫಿಯ ಕೊಯ್ಲು ನಡೆಯುವ ಹೊತ್ತು. ಆಳುಗಳನ್ನು ಕರೆದೊಯ್ಯುವ ಜೀಪಿನಲ್ಲಿ, ಕೊಯ್ಯುವವರ ಮೊಬೈಲಿನಲ್ಲಿ, ಕಾಫಿ ಕಣದಲ್ಲಿ ನಿಮ್ಮ ದನಿ ಕೇಳಿಬರಬಹುದು. ಪಕ್ಕದ ಗಿಡದಲ್ಲಿ ಅವ್ವ ಹಣ್ಣು ಕೊಯ್ಯುತ್ತಿರಬಹುದು. ಆಗ ನೀವು ಚಿಕ್ಕಮಗಳೂರಿನಲ್ಲಿರುತ್ತೀರಿ. ಜನರ ನೋಟ ಎದುರಿಸುವವರು ಅವರಿಬ್ಬರು.

ಅದಕ್ಕೇ ಅಪ್ಪನ ಹತ್ತಿರ ಮಾತಾಡಿ. ಆದರೆ ಅವ್ವನನ್ನು ದಾಟಿ ಹೋಗಬೇಡಿ. ಅಷ್ಟು ವರ್ಷ ಸಂಸಾರ ತೂಗಿಸಿದವರು ಅವರು. ಯಾವಾಗ, ಹೇಗೆ ಹೇಳಬೇಕು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕೊಯ್ದು ಸುಸ್ತಾಗಿ ಬಂದ ಸಂಜೆ ಮಾತ್ರ ಈ ಮಾತು ತೆಗೆಯಬೇಡಿ. ಅಪ್ಪನಿಗೂ ಹಾಡನ್ನು ಇದ್ದಕ್ಕಿದ್ದಂತೆ ಕೇಳಿಸುವುದು ಬೇಡ. ಇಂಥದ್ದೊಂದು ಹಾಡು ಬರೆದಿದ್ದೇನೆ, ಕೇಳ್ತೀರಾ ಎಂದು ಮೊದಲು ಕೇಳಿ. ಹ್ಞೂಂ ಅಂದರೆ ಮೊಬೈಲು ಕೈಗೆ ಕೊಟ್ಟು ಹೊರಗೆ ಹೋಗಿ. ಎದುರಿಗೆ ಕೂತು ಅವರ ಮುಖ ನೋಡುತ್ತಾ ಇರಬೇಡಿ. ಉತ್ತರ ಅವತ್ತೇ ಬರಬೇಕು ಅಂತಲೂ ಇಲ್ಲ. ಕುಡಿತ ಬಿಟ್ಟವರಿಗೆ ಹಳೆಯ ನಾಚಿಕೆ ಕೆದಕಿದರೆ ಮತ್ತೆ ಬಾಟಲಿಯ ಕಡೆ ಮನಸ್ಸು ಎಳೆಯುವುದುಂಟು. ಹಾಗಾಗಿ ಮುಂದಿನ ಎರಡು ದಿನ ಮನೆಯಲ್ಲೇ ಇರಿ.

ಇನ್ನೊಂದು ಮಾತು. ಅಪ್ಪ ಕುಡಿತ ಬಿಟ್ಟದ್ದು ನಿಮ್ಮ ಪತ್ರದಲ್ಲಿ ಒಂದೇ ಒಂದು ಸಾಲು. ಹಾಡಿನಲ್ಲಿ ಅದು ಇದೆಯಾ? ಇಲ್ಲದಿದ್ದರೆ ಇನ್ನೊಂದು ಚರಣ ಬರೆದು ನೋಡಿ. ಅವರನ್ನು ಮೆಚ್ಚಿಸುವುದಕ್ಕಲ್ಲ. ಅದೂ ನಿಮ್ಮ ಮನೆಯಲ್ಲಿ ನಡೆದದ್ದೇ, ಅಷ್ಟೇ ಕಷ್ಟಪಟ್ಟು ನಡೆದದ್ದು.

ಇಷ್ಟಾದ ಮೇಲೂ ಅಪ್ಪ ಬೇಡ ಅಂದರೆ, ಈ ಆಲ್ಬಮ್‌ನಲ್ಲಿ ಆ ಹಾಡು ಬೇಡ. ಸಂಕಟವಾಗುತ್ತದೆ, ಗೊತ್ತು. ಆದರೆ ಉಳಿದ ಏಳು ಹಾಡುಗಳೂ ನಿಮ್ಮವೇ. ಇದೂ ಎಲ್ಲಿಗೂ ಹೋಗುವುದಿಲ್ಲ. ನೀವು ಬರೆದ ಸಾಹಿತ್ಯ, ಹಾಕಿದ ರಾಗದ ಕಾಪಿರೈಟ್ ನಿಮ್ಮ ಜೀವಮಾನವಿಡೀ, ಆಮೇಲೆ 60 ವರ್ಷವೂ ಇರುತ್ತದೆ. ಅಪ್ಪನ ಮನಸ್ಸು ಮುಂದೆ ಬದಲಾಗಲೂಬಹುದು.

ಕಂಪನಿಯ ಕಾಗದಕ್ಕೆ ಈಗ ಸಹಿ ಹಾಕಬೇಡಿ. ಎಲ್ಲ ಹಕ್ಕು ಕೊಟ್ಟ ಮೇಲೆ ನಾಳೆ ಅಪ್ಪನಿಗಾಗಿ ಹಾಡು ಹಿಂತೆಗೆಯಬೇಕು ಅನ್ನಿಸಿದರೂ ಅದು ನಿಮ್ಮ ಕೈಯಲ್ಲಿರುವುದಿಲ್ಲ. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷಕ್ಕೆ, ಎಲ್ಲೆಲ್ಲಿಗೆ ಎಂಬುದೆಲ್ಲ ಕಾಗದದಲ್ಲಿ ಬರೆದಿರಬೇಕು. ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದೇ ಹಿಡಿಯುತ್ತದೆ. 'ಶಾಶ್ವತವಾಗಿ' ಎಂದು ಬರೆದಿದ್ದರೆ ಮಾತ್ರ ಜಾಸ್ತಿ ಹುಷಾರಾಗಿರಿ. ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು, ಅಂದರೆ ಹಾಡು ಬಳಕೆಯಾದಾಗ ಬರುವ ಹಣದ ಪಾಲನ್ನು, ಕಂಪನಿಗೆ ಬಿಟ್ಟುಕೊಡುವಂತಿಲ್ಲ. ಮುಂದೆ ಯಾವತ್ತಾದರೂ ಸಹಿ ಹಾಕುವುದಾದರೆ ಮೊದಲು ವಕೀಲರಿಗೆ ತೋರಿಸಿ.

ಬಿಡುಗಡೆಯನ್ನು ಮಾರ್ಚ್ ಕೊನೆಗೆ ಹಾಕಿ. ಅಷ್ಟರಲ್ಲಿ ಕೊಯ್ಲಿನ ಗಡಿಬಿಡಿ ತಗ್ಗಿ, ಅವ್ವನಿಗೂ ಕೂತು ಮಾತಾಡಲು ಬಿಡುವು ಸಿಗುತ್ತದೆ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನವರ ಪ್ಲೇಲಿಸ್ಟ್‌ಗೆ ಹಾಡು ಸೂಚಿಸಬೇಕೆಂದರೆ ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಕಳಿಸಬೇಕು. ಅದಕ್ಕೂ ಸಮಯ ಸಿಕ್ಕಂತಾಯಿತು. ಆಲ್ಬಮ್ ಈಗಾಗಲೇ ಡಿಸ್ಟ್ರಿಬ್ಯೂಟರ್ (ಹಾಡುಗಳನ್ನು ಆ್ಯಪ್‌ಗಳಿಗೆ ತಲುಪಿಸುವವರು) ಕೈ ಸೇರಿದ್ದರೆ ದಿನ ಬದಲಿಸಲು ಇವತ್ತೇ ಬರೆಯಿರಿ. ಒಮ್ಮೆ ಹೊರಬಂದ ಹಾಡನ್ನು ಆ್ಯಪ್‌ಗಳಿಂದ ತೆಗೆಸಬಹುದು, ಆದರೆ ಊರಿನವರ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವುದನ್ನು ತಡೆಯಲು ಆಗುವುದಿಲ್ಲ.