ಕುಂಡದಲ್ಲಿ ಲಾವಂಚ ನಡುವೆ ಒಣಗುತ್ತಿದ್ದರೆ

ಪುಣೆಯ ಕೋಥ್ರೂಡ್‌ನ ಟೆರೇಸಿನಲ್ಲಿ ಎರಡು ವರ್ಷದ ಲಾವಂಚ ನಡುವಿನಿಂದ ಒಣಗುತ್ತಿದೆ ಎಂದಿದ್ದೀರಿ. ಬಹುಶಃ ಕುಂಡದ ತುಂಬ ಬೇರು ಸುತ್ತಿಕೊಂಡಿದೆ. ನನ್ನಲ್ಲೂ ಹೀಗೇ ಆಗಿತ್ತು. ಈ ಹುಲ್ಲಿನ ಬೇರು ಅಡ್ಡ ಹರಡುವುದಕ್ಕಿಂತ ನೇರ ಕೆಳಗಿಳಿಯುವುದೇ ಜಾಸ್ತಿ. ನೆಲದಲ್ಲಾದರೆ 2–3 ಮೀಟರ್. ಒಂದಡಿಯ ಕುಂಡ ಸಾಲದು ಅಲ್ವಾ?

ಮೊದಲು ಕುಂಡ ಬೋರಲು ಹಾಕಿ ನೋಡಿ. ಬೇರು ಚಾಪೆಯಂತೆ ಹೆಣೆದಿದ್ದರೆ ಬುಡ ಸೀಳಿ. ಒಣಗಿದ ನಡುಭಾಗ ತೆಗೆದು, ಅಂಚಿನ ಹಸಿರು ಕವಲುಗಳನ್ನು ಎರಡು ಮೂರು ಸೇರಿಸಿ ಇಟ್ಟುಕೊಳ್ಳಿ. ಎಲೆ ಒಂದು ಗೇಣು, ಬೇರು ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಕತ್ತರಿಸಿದ ಬೇರನ್ನು ಸುಮ್ನೆ ಎಸೆಯಬೇಡಿ, ತೊಳೆದು ಒಣಗಿಸಿ ಕುಡಿಯುವ ನೀರಿನ ಮಡಕೆಗೆ ಹಾಕಿ. ಎರಡಡಿ ಆಳದ ಡ್ರಮ್ಮಿಗೆ ತೂತು ಕೊರೆದು, ಮರಳು ಬೆರೆಸಿದ ಮಣ್ಣಿನಲ್ಲಿ ಆ ಕವಲುಗಳನ್ನು ನೆಡಿ. ಜೂನ್ ಮಳೆ ಶುರುವಾದ ಮೇಲೆ ನೆಟ್ಟರೆ ಬೇಗ ಹಿಡಿಯುತ್ತದೆ.

ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ. ಬೇರು ಸಡಿಲವಾಗಿಯೇ ಇದ್ದರೆ ನೆರಳು ಕಾರಣವಿರಬಹುದು. ಆಗ ಇಡೀ ದಿನ ಬಿಸಿಲು ಬೀಳುವ ಮೂಲೆಗೆ ಸರಿಸಿ.