ನನ್ನ ತಮ್ಮ ಗೇ. ಓದಲು ಲಂಡನ್‌ಗೆ ಹೋಗ್ತಿದ್ದಾನೆ. ಅಲ್ಲಿ ಅವನಿಗೆ ಬದುಕು ಸುಲಭವಾಗುತ್ತಾ?

ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ನಾನೂ ಗೇ, ಮೈಸೂರಿನವನು. ಲಂಡನ್‌ಗೆ ಬಂದು ಹನ್ನೊಂದು ವರ್ಷವಾಯಿತು.

ಪೊಲೀಸು, ಕೋರ್ಟು ಅನ್ನೋ ಭಯ ಇಲ್ಲಿಲ್ಲ. 2014ರಿಂದ ಇಬ್ಬರು ಗಂಡಸರು ಕಾನೂನು ಪ್ರಕಾರ ಮದುವೆಯಾಗಬಹುದು. ನಾನು ಊರು ಬಿಟ್ಟಾಗ ನಮ್ಮಲ್ಲಿ ಗೇ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಸೆಕ್ಷನ್ 377ರ ಭಯ ಇನ್ನೂ ಇತ್ತು, ಅದು ಹೋಗಿದ್ದು 2018ರಲ್ಲಿ.

ಆದರೆ ಇಲ್ಲಿ ನಿಮ್ಮ ತಮ್ಮ ಬರೀ ಗೇ ಅಲ್ಲ, ಕಂದು ಬಣ್ಣದವನೂ ಹೌದು. ಗೇ ಬಾರ್‌ಗಳಿಗೆ ಹೆಸರಾದ ಲಂಡನ್‌ನ ಸೋಹೋದಲ್ಲಿ ಒಂದು ಬಾರ್‌ಗೆ ಮೊದಲ ಸಲ ಹೋದಾಗ ಬಾಗಿಲಲ್ಲಿದ್ದವನು, "ಇದು ಗೇ ಬಾರ್, ಗೊತ್ತು ತಾನೇ?" ಅಂತ ಕೇಳಿದ. ನನ್ನ ಮುಂದಿದ್ದ ಬಿಳಿ ಹುಡುಗರನ್ನು ಕೇಳಲಿಲ್ಲ. ಡೇಟಿಂಗ್ ಆ್ಯಪ್‌ನಲ್ಲಿ ಕೆಲವರು "ಏಷ್ಯನ್ನರು ಬೇಡ" ಅಂತ ನೇರವಾಗಿಯೇ ಬರೆದುಕೊಂಡಿರುತ್ತಿದ್ದರು. ಅದನ್ನು ಓದಿ ಓದಿ ನನ್ನ ಫೋಟೋ ನನಗೇ ಬೇಡವಾಗಿತ್ತು.

ಸರಿ, ನಮ್ಮವರ ಹತ್ತಿರ ಹೋಗೋಣ ಅಂದರೆ ಅಲ್ಲಿ ಬೇರೆ ಕಷ್ಟ. ಒಂದು ಯುಗಾದಿ ಊಟದಲ್ಲಿ ಹೋಳಿಗೆಗೆ ತುಪ್ಪ ಹಾಕುತ್ತಾ ಆಂಟಿಯೊಬ್ಬರು, "ಜಾತಕ ಕಳಿಸಪ್ಪ, ಒಳ್ಳೆ ಹುಡುಗಿ ಇದ್ದಾಳೆ" ಅಂದರು. ಪಕ್ಕದಲ್ಲೇ ಕೂತಿದ್ದ ನನ್ನ ಹುಡುಗನನ್ನು ಆಗಷ್ಟೇ "ರೂಮ್‌ಮೇಟ್" ಅಂತ ಪರಿಚಯ ಮಾಡಿಸಿದ್ದೆ. ಅವನು ಹೋಳಿಗೆ ಮುರಿದವನು ಬಾಯಿಗೆ ಹಾಕಲಿಲ್ಲ. ನಾನು ಅವನಿಗೆ ಹಾಗೆ ಮಾಡಬಾರದಿತ್ತು.

ನಮಗಿಂತ ಮೊದಲು ಬಂದವರೂ ಇದನ್ನೆಲ್ಲ ಅನುಭವಿಸಿದವರೇ. ಅದಕ್ಕೇ 1988ರಲ್ಲಿ ದಕ್ಷಿಣ ಏಷ್ಯಾದ ಗೇ, ಲೆಸ್ಬಿಯನ್ ಜನ ಸೇರಿ ಲಂಡನ್‌ನಲ್ಲಿ 'ಶಕ್ತಿ' ಅನ್ನೋ ಗುಂಪು ಕಟ್ಟಿಕೊಂಡರು. ಎಚ್‌ಐವಿ ಬಗ್ಗೆ ನಮ್ಮ ಜನಕ್ಕೂ ಮಾಹಿತಿ ಸಿಗಲಿ ಅಂತ ಶಿವಾನಂದ ಖಾನ್ 1991ರಲ್ಲಿ ನಾಜ್ ಪ್ರಾಜೆಕ್ಟ್ ಅನ್ನೋ ಸಂಸ್ಥೆ ಶುರು ಮಾಡಿದರು. 1995ರಲ್ಲಿ ನಮ್ಮಂಥವರು ಸೇರಿ ಕುಣಿಯೋ ಕ್ಲಬ್ ಕಾಳಿ ಬಂತು. ನಾನು ಅಲ್ಲಿಗೆ ಹೋದ ಮೊದಲ ರಾತ್ರಿ ಸೀರೆ ಉಟ್ಟವರು, ಪೇಟ ಸುತ್ತಿದವರು ಎಲ್ಲ ಒಟ್ಟಿಗೆ ಹಿಂದಿ ಹಾಡಿಗೆ ಕುಣಿಯುತ್ತಿದ್ದರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಇಲ್ಲಿ ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ, ಆ ಸಮಾಧಾನಕ್ಕೆ.

ತಮ್ಮನಿಗೆ ಇಂಥ ಜಾಗಗಳ ಬಗ್ಗೆ ಹೇಳಿ. ಬೇಸಿಗೆಯಲ್ಲಿ ಯುಕೆ ಬ್ಲ್ಯಾಕ್ ಪ್ರೈಡ್ ಅನ್ನೋ ನಮ್ಮಂಥವರ ಹಬ್ಬ ನಡೆಯುತ್ತದೆ. ಹೆಸರು ಹಾಗಿದ್ದರೂ ಅದು ಏಷ್ಯನ್ನರದ್ದೂ ಹೌದು.

ಇನ್ನೊಂದು ಮಾತು. ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ "ಯಾರಾದ್ರೂ ಸಿಕ್ಕಿದ್ರಾ?" ಅಂತಲೂ ಕೇಳಿ. ನನ್ನ ಅಕ್ಕ ಹಾಗೆ ಕೇಳಿದ್ದು ಹೋದ ವರ್ಷ. ಅವತ್ತು ಎರಡು ಗಂಟೆ ಮಾತಾಡಿದೆವು.