ಮೇಯರ್ ಆಯ್ಕೆಯಲ್ಲಿ ನಮಗೇಕೆ ಮತವಿಲ್ಲ?

ಪ್ರಶ್ನೆ: ವಾರ್ಡಿನ ಸದಸ್ಯರನ್ನು ನಾವೇ ಆರಿಸುತ್ತೇವೆ, ಮಂಗಳೂರಿನ ಮೇಯರ್ ಅವರನ್ನು ಆರಿಸುವ ಹಕ್ಕು ನಮಗೇಕಿಲ್ಲ?
– ಓದುಗರೊಬ್ಬರು, ಕದ್ರಿ

ಉತ್ತರ: 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯು ಆ ಹಕ್ಕನ್ನು ಪಾಲಿಕೆಯ ಸದಸ್ಯರಿಗೆ ಕೊಟ್ಟಿದೆ. ಲಾಲ್‌ಬಾಗ್‌ನ ಪಾಲಿಕೆ ಸಭಾಂಗಣದಲ್ಲಿ ಪ್ರಾದೇಶಿಕ ಆಯುಕ್ತರು ಅಭ್ಯರ್ಥಿಯ ಹೆಸರು ಹೇಳಿದಾಗ, 60 ವಾರ್ಡುಗಳ ಸದಸ್ಯರ ಜೊತೆಗೆ ಶಾಸಕರು ಮತ್ತು ಸಂಸದರು ಸಹ ಕೈ ಎತ್ತಿ ಮತ ಸೂಚಿಸುತ್ತಾರೆ; ನಾಮನಿರ್ದೇಶಿತ ಸದಸ್ಯರು ಕುಳಿತು ನೋಡಬಹುದಷ್ಟೆ. ಗುಟ್ಟಿನ ಮತದಾನವಲ್ಲದ ಕಾರಣ ಯಾರ ಕೈ ಯಾರ ಪರ ಎದ್ದಿತೆಂಬುದು ಎದುರು ಸಾಲಿನವರಿಗೂ ಕಾಣುತ್ತದೆ. ಬಹುಮತವಿದ್ದರೂ ಸರ್ಕಾರ ಹೊರಡಿಸುವ ಮೀಸಲಾತಿ ಪಟ್ಟಿಗೆ ಹೊಂದುವವರಷ್ಟೇ ಸ್ಪರ್ಧಿಸಬಹುದು. ನನಗೆ ಇದಕ್ಕಿಂತ ಹೆಚ್ಚು ಕೊರತೆಯೆನಿಸುವುದು ಮೇಯರ್ ಹುದ್ದೆಯ ಚಿಕ್ಕ ಅವಧಿ. 2019ರ ನವೆಂಬರ್‌ನಲ್ಲಿ ಚುನಾಯಿತವಾದ ಪರಿಷತ್ತು ಐವರು ಮೇಯರ್‌ಗಳನ್ನು ಕಂಡಿತು. ಒಬ್ಬರು ಕಡತಗಳನ್ನು ಅರಿತುಕೊಳ್ಳುವಷ್ಟರಲ್ಲಿ ಮೇಯರ್ ಗೌನು ಮುಂದಿನವರ ಹೆಗಲೇರುತ್ತಿತ್ತು.